ಕಕ್ಕಬ್ಬೆಯ ತೋಟದಲ್ಲಿ ಪಾಸಮ್ ಮತ್ತು ಒಪಾಸಮ್ ಮಾತು

ಪಾಸಮ್ ಬೇರೆ, ಒಪಾಸಮ್ ಬೇರೆ. ಪಾಸಮ್ ಇರುವುದು ಆಸ್ಟ್ರೇಲಿಯಾ, ನ್ಯೂಗಿನಿ ಮತ್ತು ಅಕ್ಕಪಕ್ಕದ ಕೆಲವು ದ್ವೀಪಗಳಲ್ಲಿ. ಒಪಾಸಮ್ ಇರುವುದು ಅಮೆರಿಕ ಖಂಡಗಳಲ್ಲಿ. ಕೊಡಗಿನಲ್ಲಿ ಎರಡೂ ಇಲ್ಲ. ಭಾರತದ ಯಾವ ಕಾಡಲ್ಲೂ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಪ್ರಾಣಿಯೇ ಇಲ್ಲ. ಹಾಗಿದ್ದರೂ ಜನವರಿಯಲ್ಲಿ ನಾವು ಕಕ್ಕಬ್ಬೆಗೆ ಹೋಗಿ ಬಂದ ಪ್ರವಾಸದ ತುಂಬಾ ಇವೆರಡರದ್ದೇ ಮಾತು. ಅದಕ್ಕೆ ಕಾರಣ ಜೊತೆಗಿದ್ದವರು. ದೊಡ್ಡಪ್ಪನ ಮಗಳು, ಅಂದರೆ ನಮ್ಮಕ್ಕ, ಭಾವನ ಜೊತೆ ಮೆಲ್ಬರ್ನ್‌ನಲ್ಲಿ ಇರುವುದು. ನನ್ನ ಕಾಲೇಜಿನ ಗೆಳೆಯ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕೆಲಸ ಮಾಡಿ ಈಗ ಮೈಸೂರಿಗೆ ವಾಪಸ್ ಬಂದವನು. ಇಬ್ಬರ ಹಿತ್ತಲಿಗೂ ರಾತ್ರಿ ಒಂದು ಪ್ರಾಣಿ ಬರುತ್ತಿತ್ತು. ಇಬ್ಬರೂ ಅದನ್ನು ಪಾಸಮ್ ಅಂತಲೇ ಕರೆಯುತ್ತಿದ್ದರು.

ಶುಕ್ರವಾರ

ಬೆಳಿಗ್ಗೆ ಬೇಗ ಮೈಸೂರು ಬಿಟ್ಟೆವು. ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ, ಆಮೇಲೆ ಕಕ್ಕಬ್ಬೆ. ದಾರಿ ಎಲ್ಲರಿಗೂ ಗೊತ್ತಿರುವುದೇ, ಹಾಗಾಗಿ ಅದನ್ನು ಬಿಡುತ್ತೇನೆ. ಗೋಣಿಕೊಪ್ಪ ದಾಟಿದ ಮೇಲೆ ತೋಟಗಳು ಶುರುವಾದಾಗ ಅಕ್ಕ ಕಿಟಕಿ ಕಡೆ ಕೈ ತೋರಿಸಿ, "ನೋಡೋ, ನಮ್ಮೂರಿನ ಮರ" ಅಂದಳು. ಅವಳು ಹೇಳಿದ್ದು ಸಿಲ್ವರ್ ಓಕ್. ನಿಜ, ಕಾಫಿಗೆ ನೆರಳು ಕೊಟ್ಟು, ಮೈತುಂಬಾ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿರುವ ಈ ಮರ ಆಸ್ಟ್ರೇಲಿಯಾದ ಪೂರ್ವ ಭಾಗದ್ದು. ಬ್ರಿಟಿಷರ ಕಾಲದಲ್ಲಿ ಬಂದದ್ದು, ಈಗ ಅದಿಲ್ಲದ ಕೊಡಗಿನ ತೋಟ ನೆನೆಸಿಕೊಳ್ಳುವುದೂ ಕಷ್ಟ. ಮರ ಬಂತು, ಆದರೆ ಆ ಊರಿನ ಮರ ಹತ್ತುವ ಪ್ರಾಣಿಗಳು ಬರಲಿಲ್ಲ. ಅದು ಒಳ್ಳೆಯದೇ ಆಯಿತು. ಯಾಕೆ ಅಂತ ಸೋಮವಾರದ ಮಾತಿನಲ್ಲಿ ಬರುತ್ತದೆ.

ನಾವು ಉಳಿದುಕೊಂಡದ್ದು ಅಪ್ಪನ ಹಳೆಯ ಸ್ನೇಹಿತರ ಮನೆಯಲ್ಲಿ. ಚಿಕ್ಕಂದಿನಿಂದ ಅವರನ್ನು ಮಾಮ ಅಂತ, ಅವರ ಮನೆಯವರನ್ನು ಅತ್ತೆ ಅಂತ ಕರೆದು ರೂಢಿ. ಹೆಂಚಿನ ಮನೆ, ಮುಂದೆ ಕಾಫಿ ಒಣಗಿಸುವ ಕಣ, ಕಣದ ತುಂಬಾ ರೋಬಸ್ಟಾ ಹಣ್ಣು. ರಾತ್ರಿ ಅತ್ತೆ ಕಡಂಬುಟ್ಟು, ಪಂದಿ ಕರಿ ಬಡಿಸಿದರು. ನನ್ನ ಗೆಳೆಯ ಮಾಂಸ ತಿನ್ನುವುದಿಲ್ಲ, ಅವನಿಗೆ ಬೇರೆಯಾಗಿ ಬೈಂಬಳೆ, ಅಂದರೆ ಕಳಲೆ ಕರಿ.

ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಅಟ್ಟದ ಮೇಲೆ ಧಡಧಡ ಸದ್ದು. ಯಾರೋ ಓಡಿದ ಹಾಗೆ, ನಿಂತ ಹಾಗೆ, ಮತ್ತೆ ಓಡಿದ ಹಾಗೆ.

"ಇದು ಥೇಟ್ ನಮ್ಮನೆ ಪಾಸಮ್ ಸದ್ದೇ" ಅಂದಳು ಅಕ್ಕ.

"ಪಾಸಮ್ ಎಲ್ಲಿ ಹೀಗೆ ಓಡುತ್ತೆ ಅಕ್ಕ? ಅದು ನೆಲದ ಮೇಲೆ ನಿಧಾನಕ್ಕೆ ಹೋಗೋ ಪ್ರಾಣಿ. ಹೆದರಿದ್ರೆ ಸತ್ತ ಹಾಗೆ ಬಿದ್ಕೊಳ್ಳುತ್ತೆ" ಅಂದ ಗೆಳೆಯ.

"ನಮ್ಮದು ಯಾವತ್ತೂ ಸತ್ತ ಹಾಗೆ ಬಿದ್ದಿದ್ದಿಲ್ಲಪ್ಪ. ಹತ್ತಿರ ಹೋದ್ರೆ ಗುರ್ ಅನ್ನುತ್ತೆ."

ಮಾಮ ತಲೆಯೆತ್ತದೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಅದು ಕಬ್ಬೆಕ್ಕು. ಕಾಫಿ ಹಣ್ಣಾಗೋ ಕಾಲಕ್ಕೆ ವರ್ಷವೂ ಬರುತ್ತೆ" ಅಂದರು.

ಪುನುಗು ಬೆಕ್ಕಿನ ಜಾತಿಯ ಈ ಪ್ರಾಣಿ ಕೊಡಗಿನವರಿಗೆ ಹೊಸದಲ್ಲ. ಆದರೆ ಮೆಲ್ಬರ್ನ್ ಮತ್ತು ನಾರ್ತ್ ಕ್ಯಾರೊಲಿನಾ ನಡುವಿನ ವಾದ ಅಲ್ಲಿಂದ ಶುರುವಾಯಿತು. ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದರು, ಆದರೆ ಬೇರೆ ಬೇರೆ ಪ್ರಾಣಿಯ ಬಗ್ಗೆ. ಅಮೆರಿಕದಲ್ಲಿ ಜನ ಮಾತಾಡುವಾಗ ಒಪಾಸಮ್‌ನ ಮೊದಲ ಅಕ್ಷರ ನುಂಗಿಬಿಡುತ್ತಾರೆ. ಆಸ್ಟ್ರೇಲಿಯಾದ್ದಕ್ಕೆ ಆ ಹೆಸರು ಬಂದದ್ದು 1770ರಲ್ಲಿ. ಕ್ಯಾಪ್ಟನ್ ಕುಕ್ ಜೊತೆ ಹಡಗಿನಲ್ಲಿ ಬಂದ ಜೋಸೆಫ್ ಬ್ಯಾಂಕ್ಸ್ ಎಂಬ ಸಸ್ಯಶಾಸ್ತ್ರಜ್ಞ ಅಲ್ಲಿ ಚೀಲವಿರುವ ಒಂದು ಪ್ರಾಣಿ ಹಿಡಿದು, ಇದು ಅಮೆರಿಕದ ಒಪಾಸಮ್ ಕುಲದ್ದೇ ಅಂತ ಬರೆದಿಟ್ಟ. ಆಗ ಯುರೋಪಿನವರಿಗೆ ಗೊತ್ತಿದ್ದ ಚೀಲದ ಪ್ರಾಣಿ ಅಂದರೆ ಹೆಚ್ಚುಕಡಿಮೆ ಅದೊಂದೇ.

ಶನಿವಾರ

ಬೆಳಿಗ್ಗೆ ನಾಲ್ಕುನಾಡು ಅರಮನೆಗೆ ಹೋದೆವು. ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು, ಹೊರಗಿನಿಂದ ಅರಮನೆ ಅನ್ನುವುದಕ್ಕಿಂತ ದೊಡ್ಡ ಹಳ್ಳಿಮನೆ ಅನ್ನಿಸುತ್ತದೆ. ಒಳಗಿನ ಮರದ ಕೆತ್ತನೆ, ಗೋಡೆಯ ಚಿತ್ರ ನೋಡಲೇಬೇಕು. ಅಲ್ಲಿಂದ ತಡಿಯಂಡಮೋಳ್ ದಾರಿ. ಬೆಟ್ಟದ ತುದಿ 1748 ಮೀಟರ್, ಕೊಡಗಿನಲ್ಲೇ ಎತ್ತರದ್ದು.

ಅರ್ಧ ದಾರಿಯಲ್ಲಿ, ಕಾಡು ಮುಗಿದು ಹುಲ್ಲು ಶುರುವಾಗುವ ಕಡೆ, ಒಂದು ಚಪ್ಪಟೆ ಬಂಡೆಯ ಮೇಲೆ ಕಬ್ಬೆಕ್ಕಿನ ಹಿಕ್ಕೆ ಇತ್ತು. ಬಗ್ಗಿ ನೋಡಿದರೆ ಒಂದಕ್ಕೊಂದು ಅಂಟಿಕೊಂಡ ಕಾಫಿ ಬೀಜಗಳು. ಒಂದೂ ಒಡೆದಿಲ್ಲ. ಹಣ್ಣಿನ ಸಿಪ್ಪೆ, ತಿರುಳು ಎಲ್ಲ ಹೋಗಿ ಬೀಜದ ಮೇಲಿನ ತೆಳು ಹೊಟ್ಟು ಮಾತ್ರ ಹಾಗೇ ಉಳಿದಿದೆ. ನಡುವೆ ಯಾವುದೋ ಕಾಡುಹಣ್ಣಿನ ಕರಿ ಬೀಜ, ಒಂದು ಜೀರುಂಡೆಯ ರೆಕ್ಕೆಯ ಚೂರು. ತೋಟದಲ್ಲಿ ತಿಂದ ಹಣ್ಣಿನ ಬೀಜ ಕಾಡಿನ ಅಂಚಿಗೆ, ಕಾಡಿನ ಹಣ್ಣಿನ ಬೀಜ ತೋಟಕ್ಕೆ. ಕಬ್ಬೆಕ್ಕು ಒಂದೇ ರಾತ್ರಿಯಲ್ಲಿ ಎರಡೂ ಕೆಲಸ ಮಾಡಿಬಿಡುತ್ತದೆ.

ಅಲ್ಲೇ ಕೂತು ನೀರು ಕುಡಿಯುವಾಗ ಇಬ್ಬರೂ ಫೋನ್ ತೆಗೆದರು. ನನಗೆ ಈ ಪ್ರವಾಸದಲ್ಲಿ ತುಂಬಾ ಇಷ್ಟವಾದ ಗಳಿಗೆ ಅದು. ಎರಡು ಪ್ರಾಣಿಯ ಫೋಟೋ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಯಾರಿಗೂ ಗೊಂದಲ ಉಳಿಯುವುದಿಲ್ಲ.

ಅಕ್ಕನ ಫೋಟೋದಲ್ಲಿ ಬೇಲಿಯ ಮೇಲೆ ಕೂತ ಬ್ರಷ್‌ಟೇಲ್ ಪಾಸಮ್. ಬೂದು ಬಣ್ಣ, ಒತ್ತಾದ ಮೆತ್ತನೆ ಕೂದಲು, ನಿಮಿರಿದ ಉದ್ದ ಕಿವಿ, ಗುಲಾಬಿ ಮೂಗು, ದೊಡ್ಡ ಕಣ್ಣು. ಬಾಲ ಪೊದೆಯಂತೆ ದಟ್ಟವಾಗಿದೆ, ಆದರೆ ತುದಿಯ ಕೆಳಭಾಗದಲ್ಲಿ ಒಂದಿಷ್ಟು ಜಾಗ ಬೋಳು. ಕೊಂಬೆ ಹಿಡಿಯುವಾಗ ಜಾರದಿರಲಿ ಅಂತ. ಗಂಡಿನ ಎದೆಯ ಮೇಲೆ ಕೆಂಚು ಕಲೆ, ಅಲ್ಲಿ ವಾಸನೆಯ ಗ್ರಂಥಿ ಇರುತ್ತದೆ, ಅದನ್ನು ಮರಕ್ಕೆ ಉಜ್ಜಿ ಇದು ನನ್ನ ಜಾಗ ಅಂತ ಗುರುತು ಹಾಕುತ್ತದೆ.

ಗೆಳೆಯನ ಫೋಟೋದಲ್ಲಿ ಕಸದ ಡಬ್ಬಿ ಪಕ್ಕ ನಿಂತ ವರ್ಜೀನಿಯಾ ಒಪಾಸಮ್. ಉದ್ದ ಚೂಪು ಮೂತಿ, ಬೆಳ್ಳಗಿನ ಮುಖ, ಕೂದಲಿಲ್ಲದ ತೆಳ್ಳನೆ ಕಪ್ಪು ಕಿವಿ, ಕೆದರಿದ ಒರಟು ತುಪ್ಪಳ, ಪೂರ್ತಿ ಬೋಳು ಬಾಲ. ಆ ಒಪಾಸಮ್‌ನ ಬಾಲದ ತುದಿ ಕರಿಗಟ್ಟಿ ಮುರಿದಿತ್ತು. ಚಳಿಗೆ ಹಾಗಾಗುತ್ತದಂತೆ. ಮೂಲದಲ್ಲಿ ಬಿಸಿ ಪ್ರದೇಶದ ಪ್ರಾಣಿ, ಉತ್ತರಕ್ಕೆ ಹರಡುತ್ತಾ ಕೆನಡಾದ ದಕ್ಷಿಣದವರೆಗೂ ಹೋಗಿದೆ. ಆದರೆ ಬೋಳು ಬಾಲ, ಬೋಳು ಕಿವಿಗೆ ಹಿಮ ತಡೆಯುವುದಿಲ್ಲ.

"ಮುಖ ನೋಡಿದ್ರೇನೇ ಗೊತ್ತಾಗುತ್ತಲ್ಲ" ಅಂದ ಗೆಳೆಯ. ಗೊತ್ತಾಗುತ್ತದೆ, ಆದರೆ ಖಚಿತವಾದ ವ್ಯತ್ಯಾಸ ಮುಖದಲ್ಲಿಲ್ಲ. ಪಾಸಮ್‌ನಲ್ಲಿ 70ರ ಹತ್ತಿರ ಜಾತಿಗಳಿವೆ, ಒಪಾಸಮ್‌ನಲ್ಲಿ ನೂರಕ್ಕೂ ಜಾಸ್ತಿ. ದಕ್ಷಿಣ ಅಮೆರಿಕದ ಕೆಲವು ಪುಟ್ಟ ಒಪಾಸಮ್‌ಗಳು ನೋಡಲು ಇಲಿ, ಕೆಲವು ಪಾಸಮ್‌ಗಳೂ ಅಷ್ಟೇ. ನೋಡಬೇಕಾದ್ದು ಹಿಂಗಾಲು ಮತ್ತು ಹಲ್ಲು.

ಅಕ್ಕನ ಹತ್ತಿರ ಪಾಸಮ್ ಹಿಂಗಾಲಿನ ಒಂದು ಫೋಟೋ ಇತ್ತು, ಗಾಜಿನ ಕಿಟಕಿ ಹತ್ತುವಾಗ ಒಳಗಿನಿಂದ ತೆಗೆದದ್ದು. ಹೆಬ್ಬೆರಳಿಗೆ ಉಗುರಿಲ್ಲ, ಅದು ಪಕ್ಕಕ್ಕೆ ಚಾಚಿಕೊಂಡಿದೆ. ಅದರ ಪಕ್ಕದ ಎರಡು ಬೆರಳು ಒಂದೇ ಚರ್ಮದೊಳಗೆ ಸೇರಿಕೊಂಡಿವೆ, ತುದಿಯಲ್ಲಿ ಮಾತ್ರ ಎರಡು ಉಗುರು ಬೇರೆ ಬೇರೆ. ಆ ಜೋಡಿ ಉಗುರೇ ಅದರ ಬಾಚಣಿಗೆ, ತುಪ್ಪಳ ಬಾಚಿಕೊಳ್ಳುವುದು ಅದರಿಂದ. ಕಾಂಗರೂ, ಕೋಲಾ ಎರಡಕ್ಕೂ ಇದೇ ಥರದ ಜೋಡಿ ಬೆರಳಿದೆ. ಅಂದರೆ ಪಾಸಮ್‌ಗೆ ಹತ್ತಿರದ ನೆಂಟರು ಕಾಂಗರೂ ಮತ್ತು ಕೋಲಾ, ಒಪಾಸಮ್ ಅಲ್ಲ. ಒಪಾಸಮ್‌ನ ಹಿಂಗಾಲಿನಲ್ಲೂ ಹೆಬ್ಬೆರಳು ಉಗುರಿಲ್ಲದೆ ಪಕ್ಕಕ್ಕೆ ಚಾಚುತ್ತದೆ, ಹಿಡಿಯುತ್ತದೆ, ಆದರೆ ಉಳಿದ ನಾಲ್ಕೂ ಬೆರಳು ಬಿಡಿಬಿಡಿ.

ಹಲ್ಲಿನ ಕತೆಯೂ ಹಾಗೇ. ಪಾಸಮ್‌ನ ಕೆಳದವಡೆಯಲ್ಲಿ ಮುಂದಕ್ಕೆ ಚಾಚಿದ ಒಂದು ಜೋಡಿ ದೊಡ್ಡ ಬಾಚಿಹಲ್ಲು, ಎಲೆ ಚಿಗುರು ಕತ್ತರಿಸುವುದಕ್ಕೆ. ಒಪಾಸಮ್‌ಗೆ ಬಾಯಿ ತುಂಬಾ ಹಲ್ಲು, ಒಟ್ಟು 50. ಮೇಲೆ 10, ಕೆಳಗೆ 8 ಬಾಚಿಹಲ್ಲೇ ಇವೆ. ಉತ್ತರ ಅಮೆರಿಕದ ನೆಲದ ಮೇಲಿನ ಬೇರೆ ಯಾವ ಸಸ್ತನಿಗೂ ಅಷ್ಟು ಹಲ್ಲಿಲ್ಲ. ಹುಳ, ಬಸವನಹುಳು, ಇಲಿ, ಹಾವು, ಬಿದ್ದ ಹಣ್ಣು, ರಸ್ತೆಯಲ್ಲಿ ಸತ್ತ ಪ್ರಾಣಿ, ಕಸದ ತೊಟ್ಟಿಯ ಅನ್ನ, ಏನು ಸಿಕ್ಕರೂ ಆಯಿತು. ಪಾಸಮ್ ಬಹುಪಾಲು ಎಲೆ, ಹೂವು, ಹಣ್ಣಿನ ಮೇಲೆ ಬದುಕುತ್ತದೆ. ಮೆಲ್ಬರ್ನ್ ಮನೆಯ ನಿಂಬೆ ಗಿಡದಲ್ಲಿ ಅದು ಹಣ್ಣು ಬಿಟ್ಟು ಸಿಪ್ಪೆ ಮಾತ್ರ ತಿಂದುಹೋಗುತ್ತದಂತೆ. ಬೆಳಿಗ್ಗೆ ನೋಡಿದರೆ ಬೋಳಾದ ಬಿಳಿ ನಿಂಬೆಹಣ್ಣುಗಳು ಗಿಡದಲ್ಲೇ ತೂಗಾಡುತ್ತಿರುತ್ತವೆ.

ತುದಿ ಮುಟ್ಟಿ ಇಳಿದು ಬರುವಷ್ಟರಲ್ಲಿ ಮಧ್ಯಾಹ್ನ ಮೂರು. ಮೇಲೆ ಗಾಳಿ ಜೋರಿತ್ತು, ಸುತ್ತ ಬೆಟ್ಟ, ಕೆಳಗೆ ಶೋಲಾ ಕಾಡು.

ಭಾನುವಾರ

ಎಲ್ಲೂ ಹೋಗಲಿಲ್ಲ. ತೋಟದಲ್ಲಿ ಕುಯ್ಲು ನಡೆಯುತ್ತಿತ್ತು. ಗಿಡದ ಕೆಳಗೆ ಟಾರ್ಪಾಲು ಹಾಸಿ, ಕೊಂಬೆಯಿಂದ ಹಣ್ಣು ಉದುರಿಸಿ, ಸಂಜೆ ಕಣದ ಹತ್ತಿರ ರೈಟರ್, ಅಂದರೆ ತೋಟದ ಲೆಕ್ಕದವರು, ತೂಕ ಹಾಕಿ ಬರೆದುಕೊಳ್ಳುತ್ತಾರೆ. ಬೆಳಿಗ್ಗೆ ಆನೆ ಪಕ್ಕದ ತೋಟದಲ್ಲಿದೆ ಅಂತ ಸುದ್ದಿ ಬಂದು ಕೆಲಸ ಸ್ವಲ್ಪ ತಡವಾಗಿ ಶುರುವಾಗಿತ್ತು.

ಮಾಮನಿಗೆ ಈಗ ನಿಜವಾಗಿ ಕುತೂಹಲ ಬಂದಿತ್ತು. ಕಣದ ಕಟ್ಟೆ ಮೇಲೆ ಕೂತು, "ಆ ಸತ್ತ ಹಾಗೆ ಬೀಳೋದು ಇದೆಯಲ್ಲ, ಅದು ನಾಟಕನಾ?" ಅಂತ ಕೇಳಿದರು.

ನಾಟಕ ಅಲ್ಲ, ಮತ್ತು ಇದನ್ನು ಜನ ಸರಿಯಾಗಿ ತಿಳಿದುಕೊಳ್ಳಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ. ಒಪಾಸಮ್ ಮೊದಲು ಬಾಯಿ ದೊಡ್ಡದಾಗಿ ತೆರೆದು, ಐವತ್ತೂ ಹಲ್ಲು ತೋರಿಸಿ, ಬುಸ್ ಅಂದು, ಜೊಲ್ಲು ಸುರಿಸಿ ಹೆದರಿಸಲು ನೋಡುತ್ತದೆ. ಅದನ್ನು ನೋಡಿದವರು ಹುಚ್ಚು ಹಿಡಿದಿದೆ ಅಂದುಕೊಳ್ಳುತ್ತಾರೆ. ಆದರೆ ಒಪಾಸಮ್‌ಗೆ ರೇಬೀಸ್ ಬರುವುದು ತೀರಾ ಅಪರೂಪ, ಅದರ ಮೈಬಿಸಿ ಕಡಿಮೆ ಇರುವುದೇ ಕಾರಣ ಇರಬೇಕು ಅನ್ನುತ್ತಾರೆ. ಹೆದರಿಸಿದರೂ ನಾಯಿ ಬಿಡದೆ ಮೇಲೆ ಬಿದ್ದರೆ ಒಪಾಸಮ್ ಪಕ್ಕಕ್ಕೆ ಉರುಳುತ್ತದೆ. ಕಣ್ಣು ಅರೆ ತೆರೆದು, ನಾಲಿಗೆ ಹೊರಗೆ, ಕಾಲು ಮಡಚಿ, ಹಿಂಭಾಗದಿಂದ ಹಸಿರು ಬಣ್ಣದ ಕೊಳೆತ ವಾಸನೆಯ ದ್ರವ. ಉಸಿರು, ಎದೆಬಡಿತ ನಿಧಾನವಾಗುತ್ತದೆ. ಚುಚ್ಚಿದರೂ, ಎತ್ತಿದರೂ ಅಲುಗುವುದಿಲ್ಲ. ಅದು ಬೇಕೆಂದು ಮಾಡುವುದಲ್ಲ, ನಮಗೆ ಮೂರ್ಛೆ ಬಂದ ಹಾಗೆ ತಾನಾಗಿ ಆಗುವುದು. ಕೆಲವು ನಿಮಿಷ ಇರಬಹುದು, ಗಂಟೆಗಟ್ಟಲೆಯೂ ಇರಬಹುದು. ಮೊದಲು ಕಿವಿ ಸ್ವಲ್ಪ ಅಲುಗುತ್ತದೆ, ಆಮೇಲೆ ತಲೆ ಎತ್ತಿ ನೋಡಿ, ಯಾರೂ ಇಲ್ಲ ಅಂದರೆ ಎದ್ದು ಹೋಗುತ್ತದೆ. ಸತ್ತಿದೆ ಅಂತ ಎಷ್ಟೋ ಜನ ಅದನ್ನು ಗುಂಡಿಗೆ ಹಾಕುತ್ತಾರೆ, ಪಾಪ. ಸುಮ್ನೆ ಬಿಟ್ಟು, ನಾಯಿಯನ್ನು ಒಳಗೆ ಕರೆದುಕೊಂಡರೆ ಸಾಕು.

ಆಸ್ಟ್ರೇಲಿಯಾದ ಪಾಸಮ್‌ಗೆ ಈ ಗುಣವಿಲ್ಲ. ಅದು ಮರ ಹತ್ತುತ್ತದೆ. ಹತ್ತಲು ಆಗದಿದ್ದರೆ ಹಿಂಗಾಲ ಮೇಲೆ ನಿಂತು, ಗಂಟಲಿನಿಂದ ಕೆಮ್ಮಿದ ಹಾಗೆ ಗುರುಗುಟ್ಟಿ ಪರಚುತ್ತದೆ. ರಾತ್ರಿ ಎರಡು ಗಂಡು ಸೂರಿನ ಮೇಲೆ ಜಗಳಕ್ಕೆ ನಿಂತರೆ ಹೊಸಬರು ಪೊಲೀಸರಿಗೆ ಫೋನ್ ಮಾಡುವಷ್ಟು ಭಯಾನಕ ಸದ್ದು ಅಂತ ಭಾವ ಹೇಳಿದರು.

ಒಪಾಸಮ್ ತಲೆಕೆಳಗಾಗಿ ಬಾಲದಿಂದ ನೇತುಬಿದ್ದು ನಿದ್ದೆ ಮಾಡುತ್ತದೆ ಅಂತ ಮಕ್ಕಳ ಚಿತ್ರಗಳಲ್ಲಿ ಇರುತ್ತದೆ. ಅದೂ ಸುಳ್ಳು. ಬಾಲ ಹಿಡಿತಕ್ಕೆ ಇದೆ, ದೊಡ್ಡ ಒಪಾಸಮ್‌ನ ಭಾರ ತುಂಬಾ ಹೊತ್ತು ಹೊರುವುದಿಲ್ಲ. ಗೆಳೆಯ ಕಂಡದ್ದು ಇದಕ್ಕಿಂತ ಚೆನ್ನಾಗಿದೆ. ಒಂದು ಸಂಜೆ ಅವನ ಶೆಡ್ ಹಿಂದೆ ಒಪಾಸಮ್ ಬಾಯಲ್ಲಿ ಒಣಗಿದ ಎಲೆ ಕಚ್ಚಿ, ಅದನ್ನು ಮುಂಗಾಲಿನಿಂದ ಹೊಟ್ಟೆಯ ಕೆಳಗೆ ತಳ್ಳಿ, ಹಿಂಗಾಲಿಗೆ ದಾಟಿಸಿ, ಬಾಲದ ಸುರುಳಿಯೊಳಗೆ ಸಿಕ್ಕಿಸಿಕೊಳ್ಳುತ್ತಿತ್ತು. ಎಲೆಯ ಕಟ್ಟು ದಪ್ಪ ಆಗುವವರೆಗೂ ಹಾಗೇ ಮಾಡಿ, ಬಾಲದಲ್ಲಿ ಹೊತ್ತುಕೊಂಡು ಶೆಡ್ ಕೆಳಗೆ ನುಗ್ಗಿತು. ಅದರ ಹಾಸಿಗೆ ಅದು.

ಅತ್ತೆ ಕೇಳಿದ್ದು ಮರಿಗಳ ಬಗ್ಗೆ. ನನ್ನ ಮಟ್ಟಿಗೆ ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಇರುವುದೇ ಇಲ್ಲಿ. ಒಪಾಸಮ್ ಬಸುರಿ ಆಗಿರುವುದು ಹೆಚ್ಚುಕಡಿಮೆ 13 ದಿನ ಮಾತ್ರ. ಹುಟ್ಟುವ ಮರಿ ಜೇನುಹುಳುವಿನ ಗಾತ್ರ. ಒಂದೇ ಸಲಕ್ಕೆ ಇಪ್ಪತ್ತು ಮರಿಯೂ ಹುಟ್ಟಬಹುದು, ಆದರೆ ತಾಯಿಗೆ ಮೊಲೆ 13. ಕಣ್ಣು ಬಿಡದ ಆ ಮರಿ ತಾನೇ ತೆವಳಿ ಚೀಲ ಸೇರಿ ಮೊಲೆ ಹಿಡಿಯಬೇಕು. ಸಿಗದ ಮರಿಗಳು ಬದುಕುವುದಿಲ್ಲ. ಎರಡು ತಿಂಗಳು ಚೀಲದಲ್ಲಿ, ಆಮೇಲೆ ಅಷ್ಟೂ ಮರಿಗಳು ತಾಯಿಯ ಬೆನ್ನ ಮೇಲೆ. ತಾಯಿಯ ಆಯಸ್ಸು ಕಾಡಿನಲ್ಲಿ ಎರಡು ವರ್ಷದಷ್ಟೇ.

ಬ್ರಷ್‌ಟೇಲ್ ಪಾಸಮ್‌ಗೆ ಸಾಮಾನ್ಯವಾಗಿ ಒಂದೇ ಮರಿ. ಬಸುರಿ ಆಗಿರುವುದು 17–18 ದಿನ, ಆದರೆ ಮರಿ ಚೀಲದಲ್ಲಿ ನಾಲ್ಕೈದು ತಿಂಗಳು ಇರುತ್ತದೆ, ಆಮೇಲೂ ಒಂದೆರಡು ತಿಂಗಳು ಬೆನ್ನ ಮೇಲೆ. ಹತ್ತು ವರ್ಷ ದಾಟಿ ಬದುಕಬಲ್ಲದು. ಒಂದು ಅವಸರದಲ್ಲಿ ಜಾಸ್ತಿ ಮರಿ ಹಾಕಿ ಬೇಗ ಮುಗಿದುಹೋಗುವ ಬದುಕು, ಇನ್ನೊಂದು ಒಂದೇ ಮರಿಯನ್ನು ನಿಧಾನವಾಗಿ ಸಾಕುವ ಬದುಕು. ಹೆಸರು ಒಂದೇ ಥರ ಇದೆ ಅಂತ ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸಿದರೆ ಎರಡಕ್ಕೂ ಅನ್ಯಾಯ.

"ಹದಿಮೂರು ಮಕ್ಕಳನ್ನ ಬೆನ್ನ ಮೇಲೆ ಹೊತ್ಕೊಂಡು ರಸ್ತೆ ದಾಟುತ್ತಾ?" ಅಂತ ಅತ್ತೆ ಕೇಳಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ದಾಟುತ್ತದೆ. ರಸ್ತೆಯಲ್ಲಿ ಸತ್ತ ಪ್ರಾಣಿ ತಿನ್ನಲು ಬಂದು ತಾನೇ ಗಾಡಿಗೆ ಸಿಕ್ಕಿ ಸಾಯುವ ಒಪಾಸಮ್‌ಗಳು ಬಹಳ. ಹಾಗೆ ಸತ್ತ ತಾಯಿಯ ಚೀಲದಲ್ಲಿ ಮರಿ ಜೀವಂತ ಇರಬಹುದು, ಅದಕ್ಕೇ ಅಲ್ಲಿನ ಪ್ರಾಣಿಪ್ರಿಯರು ಗಾಡಿ ನಿಲ್ಲಿಸಿ ನೋಡುತ್ತಾರೆ.

ಕುಯ್ಲಿಗೆ ಬಂದಿದ್ದ ಹೆಂಗಸರಲ್ಲಿ ಒಬ್ಬರು ಹಾವಿನ ವಿಷಯ ಎತ್ತಿದರು. ಕಾಫಿ ಗಿಡದ ಬುಡದಲ್ಲಿ ಗುಳಿಮಂಡಲ ಹಾವು ಅವರಿಗೆ ದಿನದ ಭಯ. ಅಮೆರಿಕದ ಬುಡುಬುಡಿಕೆ ಹಾವು, ಅಂದರೆ ರ‍್ಯಾಟಲ್‌ಸ್ನೇಕ್, ಅದೇ ಗುಂಪಿನದ್ದು. ಅದರ ವಿಷವನ್ನು ಒಪಾಸಮ್ ತಡೆದುಕೊಳ್ಳುತ್ತದೆ, ರಕ್ತದಲ್ಲೇ ವಿಷವನ್ನು ಕಟ್ಟಿಹಾಕುವ ಅಂಶಗಳಿವೆ. ಹಾವನ್ನೇ ಹಿಡಿದು ತಿನ್ನುವುದೂ ಉಂಟು. ಅದನ್ನು ಕೇಳಿ ಆಕೆ, "ಅಂಥದ್ದೊಂದು ಇಲ್ಲಿ ಬೇಕಿತ್ತು" ಅಂದರು.

ಸಂಜೆ ಆರೂವರೆಗೆ ಮಾಮ ನಮ್ಮನ್ನು ಮನೆ ಹಿಂದಿನ ಹಲಸಿನ ಮರದ ಎದುರು ನಿಲ್ಲಿಸಿ, ಟಾರ್ಚ್ ಹಾಕಬೇಡಿ ಅಂದರು. ಕತ್ತಲು ಪೂರ್ತಿ ಇಳಿದಿರಲಿಲ್ಲ. ಮರದ ಪೊಟರೆಯಿಂದ ಮೊದಲು ಒಂದು ತಲೆ, ಆಮೇಲೆ ಉದ್ದಕ್ಕೆ ಮೈ. ಹಾರುಬೆಕ್ಕು, ಅಂದರೆ ದೊಡ್ಡ ಹಾರುವ ಅಳಿಲು. ಕಾಂಡದ ಮೇಲೆ ಮೇಲಕ್ಕೆ ಓಡಿ, ತುದಿ ಕೊಂಬೆಯಲ್ಲಿ ನಿಂತು, ತಲೆಯನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿತು. ಆಮೇಲೆ ಕೈಕಾಲು ಚಾಚಿ ಬಿಟ್ಟಿತು. ಮುಂಗಾಲಿನಿಂದ ಹಿಂಗಾಲಿಗೆ ಚರ್ಮ ಬಿಗಿದು ಚೌಕಾಕಾರ ಆಯಿತು, ಮೈಗಿಂತ ಉದ್ದದ ಬಾಲ ಹಿಂದೆ. ರೆಕ್ಕೆ ಬಡಿಯುವುದಿಲ್ಲ, ಸದ್ದೂ ಇಲ್ಲ. ಕಣದ ಮೇಲಿಂದ ತೇಲಿ ಬಂದು, ಆಚೆಯ ಸಿಲ್ವರ್ ಓಕ್ ಹತ್ತಿರ ಬಂದಾಗ ಮೈ ಮೇಲಕ್ಕೆ ಎತ್ತಿ, ನಾಲ್ಕೂ ಕಾಲಿನಿಂದ ಕಾಂಡಕ್ಕೆ ಟಪ್ ಅಂತ ಅಂಟಿಕೊಂಡಿತು.

ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಶುಗರ್ ಗ್ಲೈಡರ್ ಥರಾನೇ ಕಣೋ!" ಅಂದಳು. ಶುಗರ್ ಗ್ಲೈಡರ್ ಕೂಡ ಪಾಸಮ್ ಗುಂಪಿನದ್ದೇ, ತೂಕ ನೂರು ನೂರೈವತ್ತು ಗ್ರಾಮ್ ಅಷ್ಟೇ, ಐವತ್ತು ಮೀಟರ್‌ವರೆಗೆ ತೇಲಬಲ್ಲದು. ಅದರ ಮರಿ ಚೀಲದಲ್ಲಿ ಬೆಳೆಯುತ್ತದೆ, ನಮ್ಮ ಹಾರುಬೆಕ್ಕಿನ ಮರಿ ಎಲ್ಲ ಅಳಿಲುಗಳಂತೆ ಗರ್ಭದಲ್ಲಿ. ಇಬ್ಬರಿಗೂ ನೆಂಟಸ್ತಿಕೆ ಇಲ್ಲ. ಮರದಿಂದ ಮರಕ್ಕೆ ನೆಲ ಮುಟ್ಟದೆ ಹೋಗಬೇಕಾದ ಅಗತ್ಯ ಎರಡು ಖಂಡಗಳಲ್ಲಿ ಒಂದೇ ಥರದ ಚರ್ಮವನ್ನು ಬೆಳೆಸಿದೆ. ಪಾಸಮ್, ಒಪಾಸಮ್ ಹೋಲಿಕೆಯಲ್ಲೂ ಅರ್ಧ ಪಾಲು ಇಂಥದ್ದೇ. ರಾತ್ರಿ ಓಡಾಡುವ, ಮರ ಹತ್ತುವ, ಬೆಕ್ಕಿನ ಗಾತ್ರದ ಪ್ರಾಣಿಗೆ ಏನೇನು ಬೇಕೋ ಅದು ಎರಡಕ್ಕೂ ಬಂದಿದೆ. ಪೂರ್ತಿ ಬೆಳೆಯದ ಪುಟ್ಟ ಮರಿ ಹೆತ್ತು ಹಾಲಿನಲ್ಲೇ ಬೆಳೆಸುವ ಗುಣ ಮಾತ್ರ ಹಳೆಯ ಕಾಲದ ಒಂದೇ ಪೂರ್ವಜರಿಂದ ಬಂದದ್ದು.

ಸೋಮವಾರ

ನಾಪೋಕ್ಲು ಮೇಲೆ ಭಾಗಮಂಡಲ, ಅಲ್ಲಿಂದ ತಲಕಾವೇರಿ. ಸಂಗಮದಲ್ಲಿ ಕಾಲು ತೊಳೆದು, ದೇವಸ್ಥಾನಕ್ಕೆ ಹೋಗಿ, ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ನೋಡುತ್ತಾ ಕೂತೆವು. ಭಾವ ಕೇಳಿದ ಪ್ರಶ್ನೆ ಚೆನ್ನಾಗಿತ್ತು. ಅಮೆರಿಕದಲ್ಲೂ ಚೀಲದ ಪ್ರಾಣಿ, ಆಸ್ಟ್ರೇಲಿಯಾದಲ್ಲೂ ಚೀಲದ ಪ್ರಾಣಿ, ನಡುವೆ ಅಷ್ಟು ದೊಡ್ಡ ಸಮುದ್ರ, ಹೇಗೆ ದಾಟಿದವು?

ದಾಟಲಿಲ್ಲ, ನಡೆದೇ ಹೋದವು. ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಒಂದಕ್ಕೊಂದು ಅಂಟಿಕೊಂಡಿದ್ದ ಕಾಲ ಅದು. ಅಂಟಾರ್ಕ್ಟಿಕಾದಲ್ಲಿ ಆಗ ಹಿಮ ಇರಲಿಲ್ಲ, ಕಾಡಿತ್ತು. ಅಲ್ಲಿನ ಸೀಮೋರ್ ದ್ವೀಪದಲ್ಲಿ ಚೀಲದ ಪ್ರಾಣಿಯ ಪಳೆಯುಳಿಕೆ ಸಿಕ್ಕ ವಿಷಯ 1982ರಲ್ಲಿ ಪ್ರಕಟವಾಯಿತು. ನಮ್ಮ ಭಾರತವೂ ಅದೇ ಗೊಂಡ್ವಾನ ನೆಲದ ತುಂಡು, ಆದರೆ ಬೇಗ ಬೇರೆಯಾಗಿ ಉತ್ತರಕ್ಕೆ ಹೊರಟುಬಿಟ್ಟಿತ್ತು.

ಪಾಸಮ್‌ಗಳಲ್ಲಿ ನನಗೆ ತುಂಬಾ ಪ್ರೀತಿ ಬರಿಸಿದ್ದು ಬೆಟ್ಟದ ಪಿಗ್ಮಿ ಪಾಸಮ್. ಅಂಗೈಯಲ್ಲಿ ಹಿಡಿಸುವ ಪ್ರಾಣಿ. 1890ರ ದಶಕದಿಂದ ಅದರ ಪಳೆಯುಳಿಕೆ ಮಾತ್ರ ಗೊತ್ತಿತ್ತು, ಎಂದೋ ಅಳಿದುಹೋಗಿದೆ ಅಂತಲೇ ಎಲ್ಲರೂ ನಂಬಿದ್ದರು. 1966ರಲ್ಲಿ ವಿಕ್ಟೋರಿಯಾ ರಾಜ್ಯದ ಮೌಂಟ್ ಹೋಥಮ್‌ನ ಸ್ಕೀ ಗುಡಿಸಲೊಂದರಲ್ಲಿ ಜೀವಂತ ಸಿಕ್ಕಿತು. ಹಿಮದ ಕೆಳಗೆ ತಿಂಗಳುಗಟ್ಟಲೆ ನಿದ್ದೆ ಮಾಡುತ್ತದೆ, ಎದ್ದ ಮೇಲೆ ಬೊಗಾಂಗ್ ಎಂಬ ಪತಂಗ ತಿನ್ನುತ್ತದೆ. ಈಗ ಅದು ಅಳಿವಿನ ಅಂಚಿನಲ್ಲಿದೆ.

ಇನ್ನೊಂದು ಕಡೆ ನ್ಯೂಜಿಲೆಂಡ್. ಅಲ್ಲಿ ಬ್ರಷ್‌ಟೇಲ್ ಪಾಸಮ್ ಇರಲೇ ಇಲ್ಲ. ತುಪ್ಪಳದ ವ್ಯಾಪಾರಕ್ಕೆ ಅಂತ 1837ರಿಂದ ತಂದು ಬಿಟ್ಟರು. ಆಸ್ಟ್ರೇಲಿಯಾದಲ್ಲಿ ಅದನ್ನು ಹತೋಟಿಯಲ್ಲಿಡುವ ಡಿಂಗೋ ಎಂಬ ಕಾಡುನಾಯಿ, ದೊಡ್ಡ ಗೂಬೆ, ಉಡ ಇವೆ, ಎಲೆಯಲ್ಲೇ ವಿಷ ಇಟ್ಟುಕೊಂಡ ನೀಲಗಿರಿ ಮರಗಳಿವೆ. ನ್ಯೂಜಿಲೆಂಡ್‌ನಲ್ಲಿ ಅದ್ಯಾವುದೂ ಇಲ್ಲ. ಕೋಟಿಗಟ್ಟಲೆ ಆದವು. ಕಾಡಿನ ಮರಗಳನ್ನು ಬೋಳು ಮಾಡಿದವು, ಹಕ್ಕಿಗಳ ಮೊಟ್ಟೆ, ಮರಿ ತಿಂದವು, ದನಗಳಿಗೆ ಕ್ಷಯ ಹರಡಿದವು. ಈಗ ಅಲ್ಲಿನ ಸರ್ಕಾರ 2050ರೊಳಗೆ ಅವನ್ನು ಪೂರ್ತಿ ಇಲ್ಲವಾಗಿಸುವ ಗುರಿ ಇಟ್ಟುಕೊಂಡಿದೆ. ಅಕ್ಕನ ಊರಿನಲ್ಲಿ ಅದೇ ಪ್ರಾಣಿಗೆ ಕಾನೂನಿನ ರಕ್ಷಣೆ. ಪ್ರಾಣಿ ಅದೇ, ಸಮುದ್ರ ದಾಟಿದ್ದಷ್ಟೇ ವ್ಯತ್ಯಾಸ.

ವಾಪಸ್ ಬರುವಾಗ ದಾರಿಯ ಎರಡೂ ಕಡೆ ಲಂಟಾನ. ಅಮೆರಿಕದಿಂದ ಅಂದದ ಹೂವಿನ ಗಿಡ ಅಂತ ಬ್ರಿಟಿಷರ ಕಾಲದಲ್ಲಿ ಬಂದದ್ದು ನಾಗರಹೊಳೆ ಕಾಡಿನ ನೆಲವನ್ನೇ ಮುಚ್ಚಿಕೊಂಡು ಕೂತಿದೆ. ನ್ಯೂಜಿಲೆಂಡ್‌ನವರ ಸಂಕಟ ಕೊಡಗಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳವಾರ

ಹೊರಡುವ ದಿನ. ತಿಂಡಿಗೆ ನೂಲ್‌ಪುಟ್ಟು. ಅಟ್ಟದ ಕಬ್ಬೆಕ್ಕಿಗೆ ಏನು ಮಾಡುವುದು ಅಂತ ಅತ್ತೆ ಕೇಳಿದಾಗ ಅಕ್ಕ ತನ್ನೂರಿನ ಕ್ರಮ ಹೇಳಿದಳು. ವಿಕ್ಟೋರಿಯಾದಲ್ಲಿ ಸೂರಿನಲ್ಲಿ ಸೇರಿದ ಪಾಸಮ್ ಹಿಡಿದರೆ ಅದೇ ದಿನ ಕತ್ತಲಾದ ಮೇಲೆ 50 ಮೀಟರ್ ಒಳಗೇ ಬಿಡಬೇಕು. ದೂರ ಒಯ್ದು ಬಿಟ್ಟರೆ ಅಲ್ಲಿನ ಪಾಸಮ್‌ಗಳು ಹೊಡೆದು ಓಡಿಸುತ್ತವೆ, ಹೆಚ್ಚಿನವು ಸಾಯುತ್ತವೆ. ಹಾಗಾಗಿ ಜನ ಮಾಡುವುದು ಇಷ್ಟೇ. ಹತ್ತಿರದ ಮರಕ್ಕೆ ಒಂದು ಮರದ ಪೆಟ್ಟಿಗೆ ಕಟ್ಟುತ್ತಾರೆ, ರಾತ್ರಿ ಅದು ಹೊರಗೆ ಹೋದ ಮೇಲೆ ಸೂರಿನ ಕಿಂಡಿ ಮುಚ್ಚುತ್ತಾರೆ. ಮಾಮ ಎಲ್ಲ ಕೇಳಿಸಿಕೊಂಡು, ಕುಯ್ಲು ಮುಗಿಯಲಿ, ಒಳಗೆ ಮರಿ ಇಲ್ಲ ಅಂತ ನೋಡಿಕೊಂಡು ಹೆಂಚು ಸರಿಮಾಡಿಸ್ತೀನಿ ಅಂದರು. ಕಬ್ಬೆಕ್ಕಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹಿಡಿಯುವಂತಿಲ್ಲ, ಹೊಡೆಯುವಂತಿಲ್ಲ.

ಕೊಡಗಿಗೆ ಹೋಗುವವರಿಗೆ ಎರಡು ಮಾತು. ಕಬ್ಬೆಕ್ಕಿನ ಕಾಫಿ ಅಂತ ಮಾರುತ್ತಾರೆ, ಕೊಳ್ಳುವ ಮುಂಚೆ ಬೀಜ ಎಲ್ಲಿಂದ ಬಂತು ಅಂತ ಕೇಳಿ. ತೋಟದಲ್ಲಿ ಆರಿಸಿದ್ದಾದರೆ ಸರಿ. ಇಂಡೋನೇಷ್ಯಾದಲ್ಲಿ ಆದ ಹಾಗೆ ಪ್ರಾಣಿಯನ್ನು ಬೋನಿನಲ್ಲಿ ಹಾಕಿ ಬರೀ ಕಾಫಿ ಹಣ್ಣು ತಿನ್ನಿಸಿ ಮಾಡಿದ್ದಾದರೆ ದಯವಿಟ್ಟು ಬೇಡ. ಇನ್ನೊಂದು, ಹಾರುಬೆಕ್ಕು ನೋಡಬೇಕು ಅಂದರೆ ಮುಸ್ಸಂಜೆಗೆ ಮನೆಯ ಅಂಗಳದಿಂದಲೇ ನೋಡಿ, ದೊಡ್ಡ ಹಳೆಯ ಮರ ಯಾವುದು ಅಂತ ಮನೆಯವರನ್ನು ಕೇಳಿಕೊಳ್ಳಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಕತ್ತಲಾದ ಮೇಲೆ ತೋಟದೊಳಗೆ ನಡೆದು ಹೋಗಬೇಡಿ. ಆನೆ ಕಾಫಿ ಗಿಡದ ನಡುವೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ.